ಚಿಮಣಿ ಎಣ್ಣೆ ಇಲ್ಲದ ವರ್ಷದ ಮುಳ್ಳುಹಂದಿ

ಮೊಮ್ಮಗಳು ವೀಣಾಳ ಸೀಮಂತದ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ವಿಜಾಪುರದಲ್ಲಿ ಕರೆಂಟು ಹೋಗುವುದೇನು ಸುದ್ದಿಯಲ್ಲ, ಹೋಗದಿದ್ದರೆ ಸುದ್ದಿ. ನಾನು ನಡುಮನೆಯಲ್ಲಿ ಕೂತು ಮರುದಿನದ ಹರಿವಾಣ ಜೋಡಿಸುತ್ತಿದ್ದೆ. ಅತ್ತಿಕಾಯಿಯ ಗೊಂಚಲು, ದರ್ಭೆ, ತಿಕೋಟಾದ ಭಟ್ಟರ ಮನೆಯವರು ಕೆಂಪು ಅರಿವೆಯಲ್ಲಿ ಸುತ್ತಿ ಕೊಟ್ಟುಹೋದ ಮುಳ್ಳುಹಂದಿಯ ಮುಳ್ಳು. ಸೀಮಂತದಲ್ಲಿ ಗಂಡನಾದವನು ಬಸುರಿ ಹೆಂಡತಿಯ ಬೈತಲೆಯನ್ನು ಆ ಮುಳ್ಳಿನಿಂದಲೇ ತೆಗೆಯಬೇಕು. ಅದಕ್ಕೆ ಮೂರು ಕಡೆ ಬಿಳಿ ಪಟ್ಟೆ ಇರಬೇಕು, ಬೇರೆ ನಡೆಯದು. ಕತ್ತಲಲ್ಲಿ ಕೈಯಾಡಿಸುವಾಗ ಅರಿವೆ ಸರಿದು ಮುಳ್ಳು ಬೆರಳಿಗೆ ತಾಗಿತು. ಎತ್ತಿ ಮೂಗಿಗೆ ಹಿಡಿದೆ. ಸಗಣಿಯ ಒಣಗಿದ ಕುಳ್ಳು, ಶೇಂಗಾ ಸಿಪ್ಪೆ, ಅದರ ಜೊತೆಗೆ ಇನ್ನೊಂದು ಕಾಡಿನ ವಾಸನೆ. ಆ ವಾಸನೆ ಮುಳ್ಳಿನಲ್ಲಿ ಇತ್ತೋ ನನ್ನ ತಲೆಯಲ್ಲಿ ಇತ್ತೋ ದೇವರೇ ಬಲ್ಲ.

“ಅಜ್ಜಿ, ಮೇಣಬತ್ತಿ ಹಚ್ಚಲೇನು?” ಅಂದಳು ವೀಣಾ.

“ಇರ್ಲಿ ಬಿಡು. ಸ್ವಲ್ಪ ಹೊತ್ತು ಕತ್ತಲಾಗಿರ್ಲಿ” ಅಂದೆ.

“ಕತ್ತಲಾಗ ನನಗ ಹೆದರಿಕಿ ಆಗ್ತದ ಅಜ್ಜಿ” ಅಂದಳು. ಅವಳ ಹೆದರಿಕೆ ಕತ್ತಲೆಯದ್ದಲ್ಲ ಎನ್ನುವುದು ನನಗೆ ಗೊತ್ತಿತ್ತು. ಒಮ್ಮೆ ಬಸಿರು ಕಳೆದುಕೊಂಡವಳು ಅವಳು. ಹತ್ತಿರ ಕೂರಿಸಿಕೊಂಡು ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಆ ದೊಡ್ಡ ಲಡಾಯಿ ನಡೆದಿದ್ದ ಕಾಲದ ಮಾತು. ಲಡಾಯಿ ಎಲ್ಲೋ ಸಮುದ್ರದಾಚೆ. ಅದರ ಬಿಸಿ ಮಾತ್ರ ನಮ್ಮ ಅಡುಗೆಮನೆಯವರೆಗೂ ಬಂದಿತ್ತು. ಸಕ್ಕರೆ ಇಲ್ಲ, ಅರಿವೆ ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಚಿಮಣಿ ಎಣ್ಣೆ ಇಲ್ಲ. ಇಬ್ರಾಹಿಂಪುರದಲ್ಲಿ ರೈಲಿನ ಹಳಿಗೆ ಸಮೀಪ ನಮ್ಮ ಮನೆ. ನನ್ನ ಗಂಡ ರೈಲ್ವೆಯಲ್ಲಿ ಕಾರಕೂನ. ಸಾಮಾನಿನ ಗಾಡಿಗಳು ಹೆಚ್ಚಾದ ಮೇಲೆ ಅವರನ್ನು ಹೋಟಗಿಗೆ ಹಾಕಿದ್ದರು. ತಿಂಗಳಿಗೊಮ್ಮೆ ಮುಖ ತೋರಿಸಿದರೆ ಪುಣ್ಯ. ಮನೆಯಲ್ಲಿ ನಾನು ಮತ್ತು ಅತ್ತೆಯವರು, ಇಬ್ಬರೇ. ಅತ್ತೆಯವರು, ಅಂದರೆ ರಾಧಾಬಾಯಿ, ವಿಧವೆ. ಮಡಿಯಲ್ಲಿ ಕಟ್ಟುನಿಟ್ಟು. ಮಾತು ಕಡಿಮೆ, ಆಡಿದರೆ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದ ಹಾಗೆ.

ನನಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅಷ್ಟರಲ್ಲಿ ಎರಡು ಬಸಿರು ಕಳೆದುಕೊಂಡಿದ್ದೆ. ಎರಡೂ ಐದನೆಯ ತಿಂಗಳಲ್ಲಿ. ಎರಡಕ್ಕೂ ಮನಸ್ಸಿನಲ್ಲೇ ಹೆಸರಿಟ್ಟಿದ್ದೆ, ಆ ಹೆಸರುಗಳನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆ ಎರಡು ಸಲವೂ ಅತ್ತೆಯವರು ಆಸೆಗೆ ಬಿದ್ದು ಮೊದಲೇ ತಿಕೋಟಾದ ಭಟ್ಟರ ಮನೆಯಿಂದ ಸೀಮಂತದ ಮುಳ್ಳು ತರಿಸಿ ದೇವರಮನೆಯಲ್ಲಿ ಇಟ್ಟಿದ್ದರು. ಎರಡು ಸಲವೂ ಅದನ್ನು ಹಾಗೆಯೇ ಅರಿವೆಯಲ್ಲಿ ಸುತ್ತಿ ಹಿಂದಕ್ಕೆ ಕಳಿಸಬೇಕಾಯಿತು. ಮೂರನೆಯ ಸಲ ನಾನು ಬಸುರಿ ಎಂದು ತಿಳಿದ ದಿನ ಅವರು ಸಂತೋಷವನ್ನೂ ತೋರಿಸಲಿಲ್ಲ, ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಆಡಿದ್ದು ಇಷ್ಟೇ: “ಈ ಸಲ ಸೀಮಂತದ ದಿನಾ ಬರೂತನಕಾ ಆ ಮುಳ್ಳು ಈ ಹೊಸ್ತಿಲಾ ದಾಟಬಾರದು. ನೆನಪಿಟ್ಕೋ.”

ಇನ್ನೊಂದು ಮಾತೂ ಮನೆಯಲ್ಲಿ ಓಡಾಡುತ್ತಿತ್ತು. ಅದನ್ನು ಆಡಿದವರು ಅತ್ತೆಯವರ ಅಣ್ಣ, ಬಬಲೇಶ್ವರದ ಗುಂಡೂಮಾಮಾ. ಆ ಮನುಷ್ಯನಿಗೆ ಪಿಸುಮಾತು ಎನ್ನುವುದೇ ಗೊತ್ತಿರಲಿಲ್ಲ. ದೀಪಾವಳಿಗೆ ಬಂದವರು ಪಡಸಾಲೆಯಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಹೇಳಿದರು: “ರಾಧಾ, ಈ ಸಲಾನೂ ಹಂಗಽ ಆತಂದ್ರ ಸುಮ್ನ ಕೂಡಬ್ಯಾಡ. ನಮ್ಮ ಬಬಲೇಶ್ವರದಾಗ ಛಲೋ ಹುಡುಗಿ ಅದ. ವಂಶ ಬೆಳೀಬೇಕೋ ಬ್ಯಾಡೋ?” ಆ ಕಾಲದಲ್ಲಿ ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರುವುದಕ್ಕೆ ಯಾರೂ ಅಡ್ಡ ಬರುತ್ತಿರಲಿಲ್ಲ. ಅತ್ತೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ನೋಡೋಣು” ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಳಗೆ ಮಲಗಿದ್ದ ನನಗೆ ಎಲ್ಲ ಕೇಳಿಸಿತು.

ಮಲಗಿದ್ದೆ ಅಂದೆನಲ್ಲ, ಮಲಗುವುದೇ ಆ ವರ್ಷ ನನ್ನ ಕೆಲಸ. ಮೂರನೆಯ ತಿಂಗಳಿಗೇ ಅತ್ತೆಯವರು ನನ್ನ ಹಾಸಿಗೆಯನ್ನು ಹಿತ್ತಿಲ ಕಡೆಯ ಕೋಣೆಗೆ ಹಾಕಿಸಿದರು. ಕೊಡ ಎತ್ತಬಾರದು, ಬೀಸುಕಲ್ಲಿನ ಹತ್ತಿರ ಸುಳಿಯಬಾರದು, ಎಡಗಡೆಗೆ ಹೊರಳಿ ಸುಮ್ಮನೆ ಬಿದ್ದಿರಬೇಕು. ಪಕ್ಕದಲ್ಲೇ ಕುಳ್ಳು ಕಟ್ಟಿಗೆ ಒಟ್ಟುವ ಕೋಣೆ, ನಡುವೆ ಬಾಗಿಲಿಲ್ಲದ ಒಂದು ಗಿಡ್ಡ ಕಂಡಿ. ಸಂಜೆಯಾದರೆ ಗವಿಯ ಹಾಗೆ ಕತ್ತಲು. ಒಮ್ಮೆ ಕೇಳಿದೆ: “ಅತ್ಯಾ, ಒಂದು ಸಣ್ಣ ಚಿಮಣಿನರೆ ಹಚ್ಚಿಡ್ರಿ.”

“ಎಣ್ಣಿ ಎಲ್ಲದ? ಮಲಗಿದಾಕಿಗೆ ದೀಪಾ ಯಾಕ ಬೇಕು?” ಅಂದು, ದೇವರ ಮುಂದೆ ಕುಸುಬೆ ಎಣ್ಣೆಯ ಒಂದೇ ಬತ್ತಿ ಹಚ್ಚಿ, ಜಪಮಾಲೆ ಹಿಡಿದು ಮುಂದಿನ ಕಟ್ಟೆಗೆ ಹೋಗಿ ಕೂತುಬಿಟ್ಟರು. ರೇಷನ್ನಿನಲ್ಲಿ ಒಂದಿಷ್ಟಾದರೂ ಎಣ್ಣೆ ಸಿಗುತ್ತಿತ್ತಲ್ಲ, ಅದು ಎಲ್ಲಿ ಹೋಗುತ್ತಿದೆ ಎಂದು ನನಗೆ ಸಿಟ್ಟು. ಜಿಪುಣಿ, ಜಿಪುಣಿ ಎಂದು ಮನಸ್ಸಿನಲ್ಲೇ ಬೈದೆ. ಬೈದದ್ದು ಒಂದು ದಿನವಲ್ಲ, ಆ ಚಳಿಗಾಲ ಪೂರ್ತಿ.

ಇಂಥ ಒಂದು ಸಂಜೆ, ಅತ್ತೆಯವರು ಕಟ್ಟೆಯ ಮೇಲಿದ್ದಾಗ, ಹಿತ್ತಿಲ ಬಾಗಿಲಿನಿಂದ ಖಾತೂನಬಿ ಬಂದಳು. ಹಿಂದಿನ ಮನೆಯವಳು. ಅವಳ ಗಂಡ ಸ್ಟೇಷನ್ನಿನಿಂದ ಟಾಂಗಾ ಹೊಡೆಯುತ್ತಿದ್ದ. ನಾನು ಮಲಗಿದಾಗಿನಿಂದ ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋಗದಿದ್ದರೆ ಅವಳಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಅಂದು ಅವಳ ಕಂಕುಳಲ್ಲಿ ಒಂದು ಬುಟ್ಟಿ, ಮೇಲೆ ಗೋಣಿತಟ್ಟು.

“ಬಾಯಾರ, ಒಂದು ಚೀಜ್ ತಂದೇನ್ರಿ. ಹೆದರಬ್ಯಾಡ್ರಿ ಮತ್ತ” ಎಂದು ತಟ್ಟು ಸರಿಸಿದಳು.

ಮೊದಲು ನನಗೆ ಕಂಡದ್ದು ಎರಡು ಕಪ್ಪು ಕಣ್ಣು. ಆಮೇಲೆ ಮೊಂಡು ಮೂಗು. ಆಮೇಲೆ ಬೆನ್ನ ಮೇಲೆ ಇನ್ನೂ ಎಳೆಯದಾಗಿದ್ದ ಮುಳ್ಳು.

“ಭೂತನಾಳದಾಗ ನಮ್ಮ ಅಣ್ಣನ ಶೇಂಗಾ ಹೊಲಾ ಕಾಯೋ ಮಂದಿ ಇದರ ತಾಯಿನ ಹೊಡದಾರ್ರಿ. ಇದೊಂದು ಬದುವಿನಾಗ ಮುದುಡಿ ಕುಂತಿತ್ತಂತ. ನಮ್ಮ ಮನ್ಯಾಗ ಇಡಾಕ ಬರಂಗಿಲ್ರಿ. ಇದರ ಕಾಟಾ ಅಂದ್ರ ಮುಳ್ಳು ಮನ್ಯಾಗ ಇತ್ತಂದ್ರ ಗಂಡಾ ಹೆಂಡ್ತಿ ಜಗಳಾ ಹತ್ತತಾವಂತ. ನಮ್ಮವಾ ಮೊದಲಽ ಸುಮ್ನಿರೋ ಮನಿಷಾ ಅಲ್ಲ! ನಿಮಗ ಹಂಗಲ್ಲಲ್ರಿ, ನಿಮಗ ಇದು ಶುಭ. ಬಸುರಿ ಹೆಣ್ಮಕ್ಕಳ ಪೂಜಾಕ್ಕ ಇದರ ಕಾಟಾ ಹುಡಕ್ಯಾಡತೀರಿ ಅಂತ ಕೇಳೇನಿ. ಒಂದು ಕಾಟಾ ಹುಡುಕೋದ್ಯಾಕ್ರಿ, ಕಾಟಾದ ಗಿಡಾನಽ ತಂದೇನಿ. ಇಟ್ಕೊರ್ರಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೇ ಒಂದು ಮುಳ್ಳು ಹೊಸ್ತಿಲು ದಾಟಬಾರದು ಎಂದು ಅತ್ತೆಯವರ ಕಟ್ಟಪ್ಪಣೆ, ಇಲ್ಲಿ ಮೈತುಂಬ ಮುಳ್ಳಿರುವುದೇ ಬಂದು ಕೂತಿದೆ. ಪಾಪ, ಅವಳು ತಂದದ್ದು ನನ್ನ ಒಳ್ಳೆಯದಕ್ಕೆಂದೇ. ಒಯ್ಯಿ ಅನ್ನಬೇಕೆಂದು ಬಾಯಿ ತೆರೆದೆ. ಆಗ ಹಳಿಯ ಮೇಲೆ ಸಂಜೆಯ ಗಾಡಿ ಸಿಳ್ಳೆ ಹಾಕಿತು. ಆ ಮರಿ ನಡುಗಿ, ಮುಳ್ಳೆಲ್ಲ ಎತ್ತಿ, ಮುಖವನ್ನು ಬುಟ್ಟಿಯ ಮೂಲೆಗೆ ಒತ್ತಿಕೊಂಡಿತು. ತಾಯಿ ಸತ್ತದ್ದು ಅದಕ್ಕೆ ಗೊತ್ತಿತ್ತೋ ಏನೋ. ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು: “ಕುಳ್ಳಿನ ಕೋಣ್ಯಾಗ ಬಿಡು ಖಾತೂನಬಿ. ನಮ್ಮ ಅತ್ಯಾಗ ಹೇಳಬ್ಯಾಡ ಮತ್ತ.”

ಅಂದಿನಿಂದ ನನಗೆ ಎರಡು ಹೆದರಿಕೆ. ಬೆಳಿಗ್ಗೆ ಎದ್ದರೆ ಮೊದಲು ಹೊಟ್ಟೆಯ ಮೇಲೆ ಕೈ, ಆಮೇಲೆ ಕುಳ್ಳಿನ ಕೋಣೆಯ ಕಡೆ ಕಿವಿ.

ಮೊದಲ ಕೆಲವು ದಿನ ಅದು ನನಗೆ ಬರೀ ಸಪ್ಪಳ. ಹಗಲೆಲ್ಲ ಕುಳ್ಳಿನ ಒಟ್ಟಿಲ ಹಿಂದೆ ಸತ್ತ ಹಾಗೆ ನಿದ್ದೆ. ಸಂಜೆ ಕತ್ತಲು ಇಳಿಯಿತೋ, ಕೆರೆಯುವ ಸಪ್ಪಳ, ಉಸಿರಿನ ಸಪ್ಪಳ. ಕುಂಬಳಕಾಯಿಯ ತಿರುಳು, ಗೆಣಸಿನ ತುಂಡು, ನಾಲ್ಕು ಶೇಂಗಾ ಕಂಡಿಯ ಹತ್ತಿರ ಇಟ್ಟು ಮಲಗುತ್ತಿದ್ದೆ. ಸ್ವಲ್ಪ ಕೆಮ್ಮಿದರೂ ಓಡಿಹೋಗುತ್ತಿತ್ತು. ಹುಣ್ಣಿಮೆಯ ದಿನ ಬೆಳದಿಂಗಳು ಕಿಟಕಿಯಿಂದ ಒಳಗೆ ಬಿದ್ದರೆ ಬರುತ್ತಲೇ ಇರಲಿಲ್ಲ. ಅದಕ್ಕೆ ಬೇಕಾದದ್ದು ಗಟ್ಟಿ ಕತ್ತಲೆ, ನಮ್ಮ ಮನೆಯಲ್ಲಿ ಅದೊಂದಕ್ಕೆ ಮಾತ್ರ ರೇಷನ್ ಇರಲಿಲ್ಲ. ನಾನೂ ಅಲುಗದೆ ಮಲಗಬೇಕಾದವಳು. ಅದಕ್ಕೆ ತಕ್ಕ ಜೋಡಿಯಾದೆ.

ದಿನಕ್ಕೆ ಸ್ವಲ್ಪ ಸ್ವಲ್ಪ ಶೇಂಗಾವನ್ನು ಹಾಸಿಗೆಯ ಹತ್ತಿರ ಸರಿಸಿದೆ. ಕೊನೆಗೆ ಅಂಗೈಯಲ್ಲಿ ಇಟ್ಟುಕೊಂಡು ಕೈಯನ್ನು ನೆಲದ ಮೇಲೆ ಚಾಚಿ ಮಲಗಿದೆ. ಬಂತು. ಬೆರಳ ತುದಿಗೆ ತಣ್ಣನೆಯ ಮೂಗು, ಮೀಸೆಯ ಕಚಗುಳಿ. ಹಿಂದೆ ಸರಿಯಿತು, ಕಾಲು ನೆಲಕ್ಕೆ ಬಡಿಯಿತು. ಮತ್ತೆ ಬಂತು. ಒಂದು ಶೇಂಗಾ ಎತ್ತಿಕೊಂಡು ಅಲ್ಲೇ, ಓಡಿಹೋಗದೆ, ಕಟಕಟ ತಿಂದಿತು. ಉಸಿರು ಹಿಡಿದು ಮಲಗಿದ್ದ ನನ್ನ ಕಣ್ಣಿಂದ ಸುಮ್ಮನೆ ನೀರು ಬಂತು. ಇಡೀ ಮನೆಯಲ್ಲಿ ನನ್ನನ್ನು ಹೆದರದೆ ಮುಟ್ಟಿದ ಜೀವ ಆ ದಿನಗಳಲ್ಲಿ ಅದೊಂದೇ. ಅತ್ತೆಯವರು ಕೂಡ ನನ್ನನ್ನು ಒಡೆದುಹೋಗುವ ಗಡಿಗೆಯ ಹಾಗೆ ನೋಡುತ್ತಿದ್ದರು.

ಬೆನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮೂಗಿನ ಮೇಲೆ, ಕಿವಿಯ ಹಿಂದೆ ಕೆರೆದರೆ ಮಾತ್ರ ಗುರ್‌ಗುಟ್ಟುತ್ತ ನಿಲ್ಲುತ್ತಿತ್ತು. ಸಂಜೆಯ ಗಾಡಿ ಸಿಳ್ಳೆ ಹಾಕಿದರೆ ಮೊದಲೆಲ್ಲ ಕುಳ್ಳಿನ ಹಿಂದಕ್ಕೆ ಓಡುತ್ತಿದ್ದದ್ದು, ಆಮೇಲಾಮೇಲೆ ನನ್ನ ಕೈಗೆ ಮುಖ ಒತ್ತಿ ನಿಲ್ಲತೊಡಗಿತು. ಅದಕ್ಕೆ ಹೆಸರಿಡಲಿಲ್ಲ. ನಾನು ಹೆಸರಿಟ್ಟವು ಉಳಿದಿರಲಿಲ್ಲವಲ್ಲ. ಬಾ ಬಾ ಅನ್ನುತ್ತಿದ್ದೆ, ಅಷ್ಟೇ.

ಆದರೆ ಅದರ ಹಲ್ಲು ಸುಮ್ಮನಿರಬೇಕಲ್ಲ. ಕುಳ್ಳಿನ ಕೋಣೆಯಲ್ಲಿ ಇಟ್ಟಿದ್ದ ಒನಕೆಯನ್ನು ಕಡಿದು ಕಡಿದು ಒಂದು ಕಡೆ ಸೊಂಟದ ಹಾಗೆ ತೆಳ್ಳಗೆ ಮಾಡಿಬಿಟ್ಟಿತು. ಒಂದು ದಿನ ಅತ್ತೆಯವರು ಅದನ್ನು ಎತ್ತಿ ಹಿಡಿದುಕೊಂಡು ಬಂದರು. “ಹೆಗ್ಗಣ ಸೇರ್ಯಾವ ಗಂಗೂ. ನಾಳೆ ಪಾಷಾಣ ತರಿಸಿ ಹಿಟ್ಟಿನ್ಯಾಗ ಕಲಿಸಿ ಇಡ್ತೀನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಥಟ್ಟನೆ ಎದ್ದು ಕೂತು, “ಬ್ಯಾಡ್ರಿ ಅತ್ಯಾ! ಬಸುರಿ ಇರೋ ಮನ್ಯಾಗ ಜೀವಾ ತೆಗೀಬಾರದು” ಅಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. “ಅದೂ ಖರೇನಽ” ಎಂದು ಒನಕೆ ಒಯ್ದರು. ಪಾಷಾಣ ಬರಲಿಲ್ಲ. ಆದರೆ ಅಂದಿನಿಂದ ಅವರು ನನ್ನ ಕೋಣೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಮೂಗು ಅರಳಿಸಿ ಹೋಗತೊಡಗಿದರು.

ಐದನೆಯ ತಿಂಗಳು ಹಿಡಿಯಿತು. ಆ ತಿಂಗಳನ್ನು ನಾನು ಹಾವಿನ ಹುತ್ತದ ಮುಂದೆ ಹಾಯುವವಳ ಹಾಗೆ ಹಾಯುತ್ತಿದ್ದೆ. ಸಂಕ್ರಾಂತಿಯ ಆಸುಪಾಸು ಚಳಿ ಬಿರುಸಾಗಿತ್ತು. ಅತ್ತೆಯವರು ಕಟ್ಟೆಯಿಂದ ಬೇಗ ಎದ್ದು ಒಳಗೆ ಬಂದವರು, ಎಂದೂ ಇಲ್ಲದ್ದು, ನನ್ನ ಹಾಸಿಗೆಯ ಪಕ್ಕ ಕತ್ತಲಲ್ಲೇ ಕೂತು “ಕಾಲು ಜೋಮು ಹಿಡದಾವೇನು?” ಎಂದು ನನ್ನ ಪಾದ ಒತ್ತತೊಡಗಿದರು. ಬೇಡ ಅನ್ನಲಾರೆ, ಸುಮ್ಮನಿರಲಾರೆ. ಕಂಡಿಯಲ್ಲಿ ಸಪ್ಪಳವಾಯಿತು. ಎಂದಿನಂತೆ ಶೇಂಗಾಕ್ಕೆ ಬಂದದ್ದು ಅಪರಿಚಿತ ವಾಸನೆ ಹಿಡಿದು, ಕಾಲು ಬಡಿದು, ಬಾಲದ ಮುಳ್ಳು ಝಲ್ಲೆಂದು ಅಲುಗಿಸಿತು.

“ಅಯ್ಯೋ ನಮ್ಮವ್ವಾ! ಹಾವು!” ಎಂದು ಅತ್ತೆಯವರು ನನ್ನ ಮೇಲೆಯೇ ಬಿದ್ದರು. ಆಮೇಲೆ ದೇವರಮನೆಯ ದೀಪ ತಂದು ನೋಡಿದರು. ಕುಳ್ಳಿನ ಸಂದಿಯಲ್ಲಿ ಮುಳ್ಳು ಎತ್ತಿ ನಿಂತ ಅದು, ಅದರ ಸುತ್ತ ಉದುರಿದ ಎಳೆಯ ಮುಳ್ಳು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. “ಏನ ಮಾಡಿದೆವ್ವಾ ಗಂಗೂ... ಏನ ಮಾಡಿದೆ” ಎಂದಷ್ಟೇ ಅಂದು ಅಲ್ಲೇ ಕುಸಿದು ಕೂತರು. ಖಾತೂನಬಿ ತಂದುಕೊಟ್ಟದ್ದೆಂದು ನಾನೇ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ನನಗೆ ನೋವು ಬಂತು. ಸೊಂಟದಿಂದ ಶುರುವಾಗಿ ಕಿಬ್ಬೊಟ್ಟೆಗೆ, ಹಿಂದಿನ ಎರಡು ಸಲ ಬಂದ ದಾರಿಯಲ್ಲೇ. ಅತ್ತೆಯವರು ಮಡಿ ಮೈಲಿಗೆ ಎನ್ನದೆ ಹಿತ್ತಿಲಿಗೆ ಓಡಿ ಕೂಗಿದರು: “ಖಾತೂನಬೀ! ನಿನ್ನ ಕೈ ಮುಗೀತೀನವ್ವಾ, ಅದನ್ನ ಒಯ್ಯಿ. ಈಗಿಂದೀಗ ಒಯ್ಯಿ!” ಖಾತೂನಬಿ “ತೋಬಾ ತೋಬಾ” ಅನ್ನುತ್ತ, ಅಳುತ್ತ, ಅದೇ ಬುಟ್ಟಿಯಲ್ಲಿ ಹಾಕಿಕೊಂಡು ಹೋದಳು. ನಾನು ಗೋಡೆಯ ಕಡೆ ಹೊರಳಿದ್ದೆ. ಬುಟ್ಟಿಯೊಳಗಿಂದ ಝಲ್ ಝಲ್ ಸಪ್ಪಳ ಹಿತ್ತಿಲು ದಾಟುವವರೆಗೂ ಕೇಳಿಸಿತು.

ಸಂಜೆಗೆ ನೋವು ನಿಂತಿತು. ಏನೂ ಆಗಲಿಲ್ಲ. “ಅದು ಹೋತು, ನೋವೂ ಹೋತು. ನೋಡಿದೇನು?” ಅಂದರು ಅತ್ತೆಯವರು. ಮಗು ಉಳಿಯಿತೆಂಬ ಸಮಾಧಾನದ ಒಳಗೇ ನನಗೆ ಇನ್ನೊಂದು ಸಂಕಟ. ಅಂಗೈ ಚಾಚಿ ಮಲಗುವುದು ರೂಢಿಯಾಗಿತ್ತು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದು. ಖಾತೂನಬಿ ಈಗ ಒಳಗೆ ಬರುತ್ತಿರಲಿಲ್ಲ, ಹಿತ್ತಿಲ ಗೋಡೆಯಾಚೆಯಿಂದಲೇ ಸುದ್ದಿ ಹೇಳುವಳು. “ಭೂತನಾಳದಾಗ ಅಣ್ಣನ ಮನ್ಯಾಗ ಐತ್ರಿ. ಮೊದಲಿನಂಗ ತಿನವಲ್ದು. ಯಾರರೆ ಹತ್ತಿರ ಹೋದ್ರ ಬೆನ್ನು ತಿರಿವಿ ನಿಂದರತೈತಿ.” ಒಂದು ದಿನ ತಡವರಿಸಿ ಅಂದಳು, “ಅಲ್ಲಿ ಮಂದಿ ಅದರ ಮಾಂಸಾ ಭಾರಿ ರುಚಿ ಅಂತಾರ್ರಿ. ಆದ್ರ ನನ್ನ ಆಣಿ ಮಾಡಿ ಹೇಳತೇನಿ, ಕೈ ಹಚ್ಚಾಕ ಬಿಡಂಗಿಲ್ಲ.” ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಐದು ಕಳೆಯಿತು, ಆರು ಕಳೆಯಿತು. ಜೋಳದ ಸುಗ್ಗಿ ಮುಗಿದು ಬಿಸಿಲು ಏರತೊಡಗಿತು. ಅತ್ತೆಯವರು ಏಳನೆಯ ತಿಂಗಳಲ್ಲಿ ಸೀಮಂತಕ್ಕೆ ದಿನ ಇಡಿಸಿದರು. ಹೋಟಗಿಗೆ ಹೇಳಿ ಕಳಿಸಿದರು, ತಿಕೋಟಾಕ್ಕೂ ಹೇಳಿ ಕಳಿಸಿದರು. ಹಿಂದಿನ ದಿನ ಬೆಳಿಗ್ಗೆ ಭಟ್ಟರು ಬರಿಗೈಯಲ್ಲಿ ಬಂದರು. “ರಾಧಾಬಾಯಿ, ತಪ್ಪು ತಿಳ್ಕೋಬ್ಯಾಡ್ರಿ. ಮುಳ್ಳು ಕಳ್ಳಕವಟಗಿ ಊರಾಗ ಒಂದು ಮನಿಗೆ ಕೊಟ್ಟಿದ್ದೆ. ಅವರು ಎಲ್ಲೋ ಕಳಕೊಂಡಾರ. ದರ್ಭಿಯಿಂದ ಮಾಡಿ ಮುಗಸೋಣೇನು?”

ಗುಂಡೂಮಾಮಾ ಆಗಲೇ ಬಂದಿಳಿದಿದ್ದರು. “ಇದಽ ಅಪಶಕುನ. ನಾ ಮೊದಲಽ ಹೇಳಿದ್ದೆ” ಎಂದು ಶುರುಮಾಡಿದರು.

“ಗುಂಡಣ್ಣಾ, ಸಾಕು” ಅಂದರು ಅತ್ತೆಯವರು. “ಆ ಬಬಲೇಶ್ವರದ ಹುಡುಗಿ ಮಾತು ಈ ಮನ್ಯಾಗ ಇನ್ನೊಮ್ಮೆ ಎತ್ತಬ್ಯಾಡ.” ಅಣ್ಣನಿಗೆ ಅವರು ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. ಆಮೇಲೆ ಒಳಗೆ ಹೋಗಿ ತಮ್ಮ ಶಾಲು ಹೊದ್ದು ಬಂದು, ಯಾರಿಗೂ ಏನೂ ಹೇಳದೆ ಹಿತ್ತಿಲ ಬಾಗಿಲು ದಾಟಿ ಖಾತೂನಬಿಯ ಮನೆಯ ಮುಂದೆ ನಿಂತರು. ಎಂದೂ ಹೋದವರಲ್ಲ. ಸ್ವಲ್ಪ ಹೊತ್ತಿಗೆ ಟಾಂಗಾದ ಸಪ್ಪಳ ಕೇಳಿತು.

ಮಧ್ಯಾಹ್ನ ಇಳಿಹೊತ್ತಿಗೆ ತಿರುಗಿ ಬಂದರು. ಮುಖವೆಲ್ಲ ಧೂಳು. ಟಾಂಗಾದಿಂದ ಖಾತೂನಬಿ ಇಳಿಸಿದ್ದು ದೊಡ್ಡದೊಂದು ಬುಟ್ಟಿ. ಅದರೊಳಗಿನ ಝಲ್ ಸಪ್ಪಳವನ್ನು ನನ್ನ ಕಿವಿ ಅಂಗಳದಿಂದಲೇ ಗುರುತಿಸಿತು.

“ಒಂದು ಮುಳ್ಳು ತರೋಣಂತ ಹೋದೆ” ಅತ್ತೆಯವರು ನನ್ನ ಮುಖ ನೋಡದೆ ಹೇಳಿದರು. “ಅಲ್ಲೆ ಉದುರಿದವು ಎಲ್ಲಾ ಎಳೀವು, ಮೂರು ಪಟ್ಟಿ ಮೂಡಿಲ್ಲ. ಬೆಳದದ್ದು ಅದರ ಮೈಮ್ಯಾಲೆ ಅವ. ಖಾತೂನಬಿ ಅಣ್ಣ ಇಕ್ಕಳಾ ತಂದಾ, ಕಿತ್ತಕೊಡ್ತೀನಿ ಅಂತ. ಬ್ಯಾಡ ಅಂದೆ. ಕಿತ್ತ ಮುಳ್ಳಿನಿಂದ ನಿನ್ನ ಬೈತಲಿ ತೆಗಸೂದಿಲ್ಲ ನಾ. ಅದು ತಾನಾಗೇ ಕೊಡಬೇಕು. ಅದು ಯಾರನ್ನೂ ಹತ್ತಿರ ಬಿಡವಲ್ದು. ನೀ ಕರದ್ರ ಬರ್ತದಂತ ಖಾತೂನಬಿ ಅಂದ್ಲು.” ಶಾಲಿನ ಧೂಳು ಕೊಡವುತ್ತ, “ಹೆದರಿಕಿ ನನಗೂ ಅದ ಗಂಗೂ. ಆದ್ರ ಹೆದರಿ ಹೆದರಿ ಸಾಕಾಗೇದ” ಅಂದರು.

ಸಂಜೆ ನಾವಿಬ್ಬರೂ ಕುಳ್ಳಿನ ಕೋಣೆಯ ಕಂಡಿಯ ಮುಂದೆ ಕೂತೆವು. ದೇವರ ದೀಪವನ್ನೂ ಬಾಗಿಲು ಹಾಕಿ ಮರೆಮಾಡಿದ್ದರು. ನಾನು ಅಂಗೈಯಲ್ಲಿ ಶೇಂಗಾ ಇಟ್ಟು ಚಾಚಿದೆ. ಬರಲಿಲ್ಲ. ಮರೆತಿತೇ? ಇಷ್ಟು ದಿನದಲ್ಲಿ ಕಾಡಿನದಾಗಿ ಹೋಯಿತೇ? ನಾಳೆ ಬೆಳಿಗ್ಗೆಯೇ ಸೀಮಂತ. ನನ್ನ ಅಂಗೈ ಬೆವರಿ ಶೇಂಗಾ ಒದ್ದೆಯಾದವು. ಕತ್ತಲಲ್ಲಿ ಅತ್ತೆಯವರ ದನಿ ಮೆಲ್ಲಗೆ ಬಂತು, ನನಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ಎಂಬಂತೆ.

“ನಿನ್ನ ಗಂಡನ ಮೊದಲು ನನಗೂ ಹೋಗ್ಯಾವ. ಎಷ್ಟಂತ ಹೇಳೂದಿಲ್ಲ. ನಮ್ಮ ಅತ್ತಿಯವರು ಪ್ರತಿ ಸಲಾ ಮುಳ್ಳು ತರಿಸಿ ನನ್ನ ಕಣ್ಣೆದುರಿಗಽ ಇಡ್ತಿದ್ರು. ನನಗ ಅದನ್ನ ನೋಡಿದ್ರ ಕೈಕಾಲು ತಣ್ಣಗಾಗ್ತಿದ್ವು. ನಾನೂ ಹಂಗಽ ಮಾಡಿದೆ ನಿನಗ. ಆಸೆ ಭಾಳ ಕೆಟ್ಟದ್ದು ನೋಡು.”

ಆಗ ಸಂಜೆಯ ಗಾಡಿ ಸಿಳ್ಳೆ ಹಾಕಿತು.

ಕುಳ್ಳಿನ ಹಿಂದೆ ಗಡಬಡ ಸಪ್ಪಳ, ಕಂಡಿಯಿಂದ ಏನೋ ನುಗ್ಗಿ ಬಂತು, ನನ್ನ ಅಂಗೈಗೆ ಮುಖ ಒತ್ತಿತು. ಎಷ್ಟು ದೊಡ್ಡದಾಗಿತ್ತು! ಮೂಗು ಮಾತ್ರ ಅದೇ, ತಣ್ಣನೆಯದು. ಕಿವಿಯ ಹಿಂದೆ ಕೆರೆದೆ. “ಬಾ ಬಾ” ಅಂದೆ. ಶೇಂಗಾ ತಿಂದಿತು. ಅತ್ತೆಯವರು ಕಲ್ಲಿನ ಹಾಗೆ ಕೂತಿದ್ದರು. ಅದು ಅವರ ಸೀರೆಯ ಅಂಚನ್ನೂ ಮೂಸಿ ನೋಡಿತು, ಅವರು ಉಸಿರಾಡಲಿಲ್ಲ. ತಿಂದು ಮುಗಿಸಿ, ಮೈಗೆ ಧೂಳು ಹತ್ತಿದ ದನದ ಹಾಗೆ ಒಮ್ಮೆ ಮೈ ಕೊಡವಿತು. ಹಾಸುಗಲ್ಲಿನ ಮೇಲೆ ಏನೋ ಸಣ್ಣಗೆ ಸದ್ದಾಯಿತು.

ಬಸುರಿ ಇದ್ದ ಮನೆಯಲ್ಲಿ ‘ಬಿತ್ತು’ ಎನ್ನುವ ಮಾತನ್ನು ಅತ್ತೆಯವರು ಆ ವರ್ಷ ಯಾರಿಗೂ ಆಡಗೊಡುತ್ತಿರಲಿಲ್ಲ. “ಕೊಡ್ತು” ಅಂದರು. “ಕೊಡ್ತು ನೋಡು ಗಂಗೂ, ಕೊಡ್ತು.” ದೀಪ ತಂದು ನೋಡಿದರೆ ಕಪ್ಪಿನ ನಡುವೆ ಮೂರು ಬಿಳಿ ಪಟ್ಟೆ.

ಮರುದಿನ ಹೋಟಗಿಯಿಂದ ಬಂದಿದ್ದ ನನ್ನ ಗಂಡ ಆ ಮುಳ್ಳಿನಿಂದ ಬೈತಲೆ ತೆಗೆದರು. ವಿಧವೆಯಾದ್ದರಿಂದ ಅತ್ತೆಯವರು ಹೊರಗೆ ಬರಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅವರ ಒಂದು ಕಣ್ಣು ಮಾತ್ರ ನನಗೆ ಕಾಣುತ್ತಿತ್ತು. ಮುಳ್ಳನ್ನು ಭಟ್ಟರು ತಮ್ಮಲ್ಲಿದ್ದದ್ದು ಕಳೆದುಹೋಯಿತಲ್ಲ ಎಂದು ಕೇಳಿ ಒಯ್ದರು.

ಮುಳ್ಳುಹಂದಿಯನ್ನು ಅತ್ತೆಯವರು ಮತ್ತೆ ಭೂತನಾಳಕ್ಕೆ ಕಳಿಸಲಿಲ್ಲ. ಕುಳ್ಳಿನ ಕೋಣೆಯಲ್ಲೇ ಇತ್ತು. ಇರಬೇಕೋ ಬೇಡವೋ ಎಂಬ ಮಾತನ್ನೇ ಯಾರೂ ಎತ್ತಲಿಲ್ಲ. ಅದಕ್ಕೆ ಗೆಣಸು ತರುವುದನ್ನು ಅವರು ಟಾಂಗಾದವನಿಗೆ ಹೇಳುತ್ತಿದ್ದದ್ದು ನನಗೆ ಕೇಳುತ್ತಿತ್ತು.

ವೈಶಾಖದ ಉರಿಯಲ್ಲಿ ನೋವು ಶುರುವಾಯಿತು. ಸಂಜೆ ದಾಟಿತ್ತು. ಸೂಲಗಿತ್ತಿ ಬಂದವಳೇ “ಇದೇನ್ರಿ ಕತ್ತಲಿ? ನಾ ಏನಂತ ನೋಡ್ಲಿ?” ಎಂದು ಗದರಿದಳು. ಅತ್ತೆಯವರು ಅಟ್ಟ ಹತ್ತಿದರು. ಇಳಿದು ಬಂದಾಗ ಎರಡೂ ಕೈಯಲ್ಲಿ ಬಾಟಲಿ. ಮತ್ತೆ ಹತ್ತಿದರು, ಮತ್ತೆ ತಂದರು. ಅರಿವೆಯ ಬಿರಡೆ ಹಾಕಿದ ಬಾಟಲಿಗಳು, ತುಂಬ ಚಿಮಣಿ ಎಣ್ಣೆ. ನಾನು ಮಲಗಿದ ಮೊದಲ ತಿಂಗಳಿನಿಂದ ರೇಷನ್ನಿನ ಎಣ್ಣೆಯನ್ನು ಒಂದು ಹನಿಯನ್ನೂ ಸುಡದೆ ಕೂಡಿಟ್ಟಿದ್ದರು. ಹುಟ್ಟಿದ ಕೂಸಿನ ಕೋಣೆಯಲ್ಲಿ ಹನ್ನೆರಡು ದಿನ ದೀಪ ಆರಬಾರದು ಎಂಬುದು ನಮ್ಮಲ್ಲಿ ಪದ್ಧತಿ. ಒಂದು ಒಳ್ಳೆಯ ಮಾತೂ ಆಡದಿದ್ದ ಹೆಂಗಸು ಅಷ್ಟು ತಿಂಗಳು ಕತ್ತಲಲ್ಲಿ ಕೂತದ್ದು ಇದಕ್ಕೆ. ನೋವಿನ ನಡುವೆಯೂ ನಾನು ಆ ಬಾಟಲಿಗಳನ್ನೇ ನೋಡುತ್ತಿದ್ದೆ.

ಕೋಣೆಯಲ್ಲಿ ಎರಡು ಕಂದೀಲು ಹತ್ತಿದವು. ಮಗಳು ಹುಟ್ಟಿದಳು. ವೀಣಾಳ ತಾಯಿ ಅವಳೇ. ಅತ್ತಳು, ಗಟ್ಟಿಯಾಗಿ ಅತ್ತಳು. ಅತ್ತೆಯವರು ಬಾಗಿಲಲ್ಲಿ ನಿಂತು ಆ ಅಳುವನ್ನು ಕೇಳುತ್ತ ತಾವೂ ಅತ್ತರು.

ಆ ಹನ್ನೆರಡು ದಿನ ನನ್ನ ಕೋಣೆ ಹಗಲಿನಂತಿತ್ತು. ಒಂದು ಸಂಜೆ ಕಂಡಿಯ ಆಚೆ ಅದರ ಮೂಗು ಕಂಡಿತು. ಬೆಳಕಿನ ಅಂಚಿಗೆ ಬಂದು ನಿಂತು, ಕೂಸಿನ ದನಿ ಕೇಳಿ ಕಿವಿ ನಿಮಿರಿಸಿ, ಹಿಂದಕ್ಕೆ ಸರಿಯಿತು. ಮಡಿಲಲ್ಲಿ ಕೂಸು, ನಾನು ಕೈ ಚಾಚಲಿಲ್ಲ. ಆಮೇಲೆ ಸಪ್ಪಳ ಕೇಳಲಿಲ್ಲ. ಹನ್ನೆರಡನೆಯ ದಿನದ ತೊಟ್ಟಿಲ ಶಾಸ್ತ್ರ ಮುಗಿದ ಮರುದಿನ ಅತ್ತೆಯವರು ಕುಳ್ಳಿನ ಕೋಣೆಯಿಂದ ಬಂದು ಹೇಳಿದರು: “ಗ್ವಾಡಿ ಬುಡಕ್ಕ ದೊಡ್ಡ ಬಿಲಾ ತೋಡೇದ. ಹಳಿ ಕಡೆ ಹೋಗೇದ ಅಂತ ಕಾಣ್ತದ.”

ನಾನು ಬಿಕ್ಕಿ ಬಿಕ್ಕಿ ಅತ್ತೆ. ಬಾಣಂತಿ ಅಳಬಾರದು ಎಂದು ಅವರು ಹೇಳಲಿಲ್ಲ. ಅಂದು ಸಂಜೆ ಅವರು ಕೋಣೆಗೆ ಬಂದು, ಹಾಸಿಗೆಯಲ್ಲಿದ್ದ ಕೂಸನ್ನೊಮ್ಮೆ ನೋಡಿ, ಕಂದೀಲಿನ ಬತ್ತಿ ಇಳಿಸಿ ಊದಿ ಆರಿಸಿದರು.

“ಸ್ವಲ್ಪ ಹೊತ್ತು ಕತ್ತಲಾಗಿರ್ಲಿ” ಅಂದರು. “ಬರ್ತದೇನೋ ನೋಡೋಣು.”

ಕಂಡಿಯ ಹತ್ತಿರ ಶೇಂಗಾ ಇಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ಸಂಜೆಯ ಗಾಡಿ ಸಿಳ್ಳೆ ಹಾಕಿ ಹೋಯಿತು. ಅದು ಬರಲಿಲ್ಲ. ಕತ್ತಲಲ್ಲಿ ನಮ್ಮಿಬ್ಬರ ನಡುವೆ ಕೂಸು ಉಸಿರಾಡುವುದು ಕೇಳುತ್ತಿತ್ತು. ಅತ್ತೆಯವರು ಬಹಳ ಹೊತ್ತು ದೀಪ ಹಚ್ಚಲಿಲ್ಲ.